ತೇರಿನ ಅಚ್ಚು: ಅದರ ಪರೀಕ್ಷೆಯೂ ಸಂರಕ್ಷಣೆಯೂ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಜಾತ್ರೆಯೆಂದರೆ ಮೊದಲು ನೆನಪಾಗುವುದು ತೇರು. ದೇವಾಲಯದ ಶಾಸನವನ್ನೋದಿ ಅದರ ಕಾಲವನ್ನು ನಿರ್ಣಯಿಸುವ ನಾವು, ಅದೇ ದೇವಾಲಯದ ಮುಂದೆ ನಿಂತಿರುವ ತೇರಿನ ಗಾಲಿಯತ್ತ ಕಣ್ಣು ಹಾಯಿಸುವುದು ಕಡಮೆ. ಅದು ಬಡಗಿ ಕಮ್ಮಾರರ ವಿಷಯವೆಂದು ಬಿಟ್ಟುಬಿಡುತ್ತೇವೆ. ಹೀಗೆ ಬಿಡಲಾಗದೆಂಬುದಕ್ಕೆ ಈಚಿನ ನಿದರ್ಶನವೊಂದಿದೆ. 2017ರ ಫೆಬ್ರವರಿ 21ರಂದು, ಆಗ ಕೂಡ್ಲಿಗಿ ತಾಲ್ಲೂಕಿಗೆ ಸೇರಿದ್ದ ಕೊಟ್ಟೂರಿನಲ್ಲಿ, ಗುರು ಕೊಟ್ಟೂರೇಶ್ವರನ ರಥೋತ್ಸವದ ಹೊತ್ತಿನಲ್ಲಿ ತೇರು ಉರುಳಿ ಕೆಲವರು ಗಾಯಗೊಂಡರು. ಗಾಲಿಯ ಅಚ್ಚು ಮುರಿಯಿತೆಂದು ಪತ್ರಿಕೆಗಳು ವರದಿ ಮಾಡಿದುವು. ಆ ಘಟನೆಯ ಹೊಣೆಯನ್ನು ಗೊತ್ತುಪಡಿಸುವುದು ಈ ಲೇಖನದ ಉದ್ದೇಶವಲ್ಲ. ಅಚ್ಚು ಏಕೆ ಮುರಿಯುತ್ತದೆ, ಮುರಿಯುವ ಮುನ್ನವೇ ಅದನ್ನು ಅರಿಯುವ ಬಗೆಯೇನು ಎಂಬುದಷ್ಟೇ ಇಲ್ಲಿಯ ವಿಚಾರ.

ನಮ್ಮ ದೊಡ್ಡ ತೇರುಗಳಲ್ಲಿ ಸಾಮಾನ್ಯವಾಗಿ ಅಚ್ಚು ತಿರುಗುವುದಿಲ್ಲ, ತಿರುಗುವುದು ಗಾಲಿ. ಕೆತ್ತನೆಯ ಗಡ್ಡೆಯೂ ಅದರ ಮೇಲಣ ಕಳಸದವರೆಗಿನ ಕಟ್ಟಡವೂ ಅಚ್ಚಿನ ನಡುಭಾಗದ ಮೇಲೆ ಕುಳಿತಿರುತ್ತವೆ. ಅಚ್ಚಿನ ಎರಡು ತುದಿಗಳು ಗಾಲಿಗಳ ಗುಂಬದೊಳಗೆ ಹೊಕ್ಕಿರುತ್ತವೆ. ಗಾಲಿ ಕಳಚಿಹೋಗದಂತೆ ತುದಿಯಲ್ಲಿ ಕಡಾಣಿಯನ್ನು ಹಾಕಿರುತ್ತಾರೆ. ಹಂಪೆಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಕಂಡವರಿಗೆ ಗಾಲಿ, ಗುಂಬ, ಅಚ್ಚುಗಳ ಈ ಸಂಬಂಧ ಸುಲಭವಾಗಿ ತಿಳಿಯುವುದು. ಶಿಲ್ಪಿಗಳು ಮರದ ತೇರಿನ ರಚನೆಯನ್ನೇ ಕಲ್ಲಿನಲ್ಲಿ ಮೂಡಿಸಿದ್ದಾರೆ.

ಮೇಲಿನ ಭಾರವು ಅಚ್ಚಿನ ನಡುವನ್ನು ಕೆಳಕ್ಕೆ ಒತ್ತುತ್ತದೆ. ಗಾಲಿಗಳು ಅದರ ತುದಿಗಳನ್ನು ಮೇಲಕ್ಕೆ ತಳ್ಳುತ್ತವೆ. ಇದರಿಂದ ಅಚ್ಚು ಬಾಗಲೆಳಸುತ್ತದೆ. ಬಾಗುವಾಗ ಮೇಲ್ಮೈ ಕುಗ್ಗುತ್ತದೆ, ತಳವು ಹಿಗ್ಗುತ್ತದೆ. ಬಿರುಕು ಬಾಯ್ದೆರೆಯುವುದು ಹಿಗ್ಗುವ ಕಡೆಯಲ್ಲಿ, ಎಂದರೆ ತಳದಲ್ಲಿ. ಅಚ್ಚು ಗುಂಬದ ರಂಧ್ರದ ಕೆಳಭಾಗದ ಮೇಲೆ ಕುಳಿತಿರುವುದರಿಂದ, ಗಾಲಿ ಉಜ್ಜಿ ಸವೆಯುವುದೂ ಅದೇ ತಳವೇ. ಹೀಗೆ ಸವೆತವೂ ಎಳೆತವೂ ಒಂದೇ ಕಡೆ ಸೇರುತ್ತವೆ. ಆ ಕಡೆಯಾದರೋ ಗುಂಬದ ಒಳಗೆ, ಕಣ್ಣಿಗೆ ಮರೆಯಾಗಿದೆ. ಹೊರಗೆ ಬಣ್ಣ ಬಳಿದ ಮಾತ್ರಕ್ಕೆ ತೇರು ಭದ್ರವಾಗದೆಂಬುದಕ್ಕೆ ಇದೇ ಕಾರಣ.

ಸವೆತ ಸ್ವಲ್ಪವೇ ಆದರೂ ಅದರ ಪರಿಣಾಮ ಸ್ವಲ್ಪವಲ್ಲ. ದುಂಡನೆಯ ಅಚ್ಚು ಬಾಗುವಿಕೆಯನ್ನು ತಡೆಯುವ ಶಕ್ತಿ ಅದರ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. 10 ಅಂಗುಲ ವ್ಯಾಸದ ಅಚ್ಚು ಸುತ್ತಲೂ ಸಮನಾಗಿ ಸವೆದು 9 ಅಂಗುಲವಾಯಿತೆನ್ನಿ. 10ರ ಘನ 1000, 9ರ ಘನ 729. ವ್ಯಾಸದಲ್ಲಿ ಹತ್ತರಲ್ಲೊಂದು ಪಾಲು ಕಳೆದರೆ ಶಕ್ತಿಯಲ್ಲಿ ಕಾಲುಭಾಗಕ್ಕಿಂತಲೂ ಹೆಚ್ಚು ಕಳೆಯಿತು. ಸವೆತ ಒಂದೇ ಪಕ್ಕದಲ್ಲಿದ್ದರೆ ಲೆಕ್ಕ ತುಸು ಬೇರೆಯಾದೀತು, ತತ್ತ್ವ ಬೇರೆಯಾಗದು. ಇದರ ಮೇಲೆ, ಬೀದಿಯ ತಗ್ಗಿನಲ್ಲಿ ಒಂದು ಗಾಲಿ ಇಳಿದರೆ ಭಾರವು ಸಮನಾಗಿ ಹಂಚಿಹೋಗದೆ ಕೆಲವೇ ಗಾಲಿಗಳ ಮೇಲೆ ಬೀಳುತ್ತದೆ. ತೇರನ್ನು ತಿರುಗಿಸಲು ಗಾಲಿಗೆ ಬೆಣೆ ಕೊಟ್ಟಾಗ ಪಕ್ಕದಿಂದಲೂ ಹೊಡೆತ ಬೀಳುತ್ತದೆ.

ತೇರು ಚಲಿಸುವುದು ವರ್ಷದಲ್ಲಿ ಕೆಲವು ಗಳಿಗೆ ಮಾತ್ರ; ಉಳಿದ ಕಾಲವೆಲ್ಲ ನಿಂತೇ ಇರುತ್ತದೆ. ಈ ನಿಲುವೂ ನಿರಪಾಯಕರವಲ್ಲ. ಮಳೆಗಾಲದಲ್ಲಿ ಮರ ನೀರು ಹೀರಿ ಉಬ್ಬುತ್ತದೆ. ಬೇಸಗೆಯಲ್ಲಿ ಒಣಗಿ ಸೀಳುತ್ತದೆ. ಗುಂಬದೊಳಗೆ ನಿಂತ ತೇವದಿಂದ ಮರ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಆದುದರಿಂದ ಉತ್ಸವ ಮುಗಿದೊಡನೆ ಗಡ್ಡೆಯ ಕೆಳಗೆ ಕಲ್ಲಿನ ಆಧಾರ ಕೊಟ್ಟು ಗಾಲಿಗಳ ಮೇಲಣ ಭಾರವನ್ನು ಇಳಿಸುವುದೂ, ಮೇಲೆ ಚಾವಣಿ ಕಟ್ಟುವುದೂ ಅವಶ್ಯ.

ಪರೀಕ್ಷೆಯನ್ನು ಜಾತ್ರೆಗೆ ಒಂದೆರಡು ತಿಂಗಳು ಮೊದಲೇ ನಡೆಸಬೇಕು. ಹಿಂದಿನ ದಿನ ದೋಷ ಕಂಡರೆ ಹೊಸ ಅಚ್ಚನ್ನು ಮಾಡಿಸಲು ಕಾಲವಿರದು. ಮೊದಲು ಗಡ್ಡೆಗೆ ಆಧಾರ ಕೊಟ್ಟು ಜಾಕುಗಳಿಂದ ಗಾಲಿಯನ್ನು ನೆಲದಿಂದೆತ್ತಿ, ಅದನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಬೇಕು. ಹಿಂದಿನ ವರ್ಷಕ್ಕಿಂತ ಸಡಿಲ ಹೆಚ್ಚಿದ್ದರೆ ಅದು ಸವೆತದ ಗುರುತು. ಅನಂತರ ಕಡಾಣಿ ತೆಗೆದು, ಗಾಲಿ ಕಳಚಿ, ಹಳೆಯ ಕೀಲೆಣ್ಣೆಯನ್ನು ಪೂರ್ತಿಯಾಗಿ ಒರೆಸಬೇಕು. ಮರದ ಅಚ್ಚನ್ನು ಕೊಡತಿಯಿಂದ ತಟ್ಟಿದರೆ ಗಟ್ಟಿಯಾದ ಕಡೆ ಸ್ಪಷ್ಟವಾದ ನಾದವೂ ಟೊಳ್ಳಾದ ಕಡೆ ಮಂಕಾದ ಸದ್ದೂ ಬರುತ್ತವೆ. ದಬ್ಬಳವು ಸುಲಭವಾಗಿ ಇಳಿದರೆ ಅಲ್ಲಿ ಕೊಳೆತಿದೆ. ಕಬ್ಬಿಣದ ಅಚ್ಚಿಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತಿನ ಮೇಲೆ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಬಳಿಯಬೇಕು. ಬಿರುಕಿದ್ದಲ್ಲಿ ಒಳಗಿನ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ. ಶ್ರವಣಾತೀತ ತರಂಗಗಳ ಉಪಕರಣ ದೊರೆತರೆ ಒಳಗಿನ ದೋಷವೂ ತಿಳಿಯುತ್ತದೆ. ಬಿರುಕು ಕಂಡ ಅಚ್ಚಿಗೆ ಪಟ್ಟಿ ಬಿಗಿದು ಕೆಲಸ ಸಾಗಿಸಬಾರದು, ಬದಲಿಸಬೇಕು.

ಮೋಟಾರು ವಾಹನದ ಯೂನಿವರ್ಸಲ್ ಜಾಯಿಂಟಿನ ಪರೀಕ್ಷೆಯೂ ಇದಕ್ಕಿಂತ ತೀರ ಭಿನ್ನವಲ್ಲ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ವಿವರಿಸಿದ ಆ ಕೀಲನ್ನು ಇಂದಿಗೂ ಮೆಕ್ಯಾನಿಕನು ದಂಡವನ್ನು ಕೈಯಲ್ಲಿ ಹಿಡಿದು, ಅತ್ತಿತ್ತ ತಿರುಚಿ, ಸಡಿಲವನ್ನು ನೋಡಿಯೇ ಪರೀಕ್ಷಿಸುತ್ತಾನೆ. ಎರಡೆಡೆಯೂ ನೋಡಬೇಕಾದದ್ದು ಸಡಿಲ, ತುಕ್ಕು, ಒಣಗಿದ ಎಣ್ಣೆ.

ತಿರುಚಿರಾಪಳ್ಳಿಯ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಕಾರ್ಖಾನೆಯು ತಮಿಳುನಾಡಿನ ಹಲವು ತೇರುಗಳಿಗೆ ಉಕ್ಕಿನ ಗಾಲಿ, ಅಚ್ಚು, ಬ್ರೇಕುಗಳನ್ನು ಮಾಡಿಕೊಟ್ಟಿದೆ. ಉಕ್ಕು ಬಂದ ಮಾತ್ರಕ್ಕೆ ಪರೀಕ್ಷೆ ಬೇಡವೆಂದಾಗುವುದಿಲ್ಲ. ಮೇಲಾಗಿ, ಮರದ ಗಡ್ಡೆಯ ಕೆತ್ತನೆಯನ್ನು ಕಾಪಾಡಿಕೊಂಡೇ ಕೆಳಗಿನ ಅಚ್ಚನ್ನು ಬದಲಿಸಬಹುದೆಂಬುದು ಇತಿಹಾಸದ ವಿದ್ಯಾರ್ಥಿಗೆ ಸಮಾಧಾನದ ಸಂಗತಿ.

ಕೊನೆಯದಾಗಿ ಒಂದು ಸೂಚನೆ. ಅಚ್ಚನ್ನು ಎಂದು ಹಾಕಿದರು, ಯಾವ ಮರ, ವ್ಯಾಸವೆಷ್ಟು, ಈ ವರ್ಷ ಸಡಿಲವೆಷ್ಟು ಎಂಬುದನ್ನು ಬರೆದಿಡುವ ಪುಸ್ತಕವೊಂದು ಪ್ರತಿಯೊಂದು ತೇರಿಗೂ ಇರಬೇಕು. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಿರಿಯ ಬಡಗಿಗಳ ಬಳಿ ಕುಳಿತು ಇದನ್ನು ಆರಂಭಿಸಬಹುದು. ಅದು ನಾಳಿನ ಇತಿಹಾಸಕಾರನಿಗೆ ಆಕರವಾಗುವುದು. ಅದಕ್ಕೂ ಮೊದಲು, ಮುಂದಿನ ಮಾಘದಲ್ಲಿ ಮಿಣಿ ಹಿಡಿದು ಎಳೆಯುವವರ ಪ್ರಾಣಕ್ಕೆ ರಕ್ಷೆಯಾಗುವುದು.