ಎರಡು ಕಡ್ಡಿಯಿಂದ ಒಂದು ಕೊಕ್ಕೆಗೆ

ಸ್ವೆಟರು ಹೆಣೆಯಬಲ್ಲ ಗೃಹಿಣಿಯರು ನಮ್ಮ ಊರುಗಳಲ್ಲಿ ಬಹು ಮಂದಿ ಉಂಟು. ಒಂದು ಕಿವಿಯನ್ನು ರೇಡಿಯೋ ನಾಟಕಕ್ಕೂ ಇನ್ನೊಂದನ್ನು ಒಲೆಯ ಮೇಲಿನ ಹಾಲಿಗೂ ಕೊಟ್ಟು, ಕೈಯಲ್ಲಿನ ಎರಡು ಕಡ್ಡಿಗಳನ್ನು ನೋಡದೆಯೇ ಆಡಿಸಬಲ್ಲವರು ಅವರು. ಅಂಥವರಿಗೆ ಕ್ರೋಷಾ ಕಲಿಯುವುದು ನೀರು ಕುಡಿದಷ್ಟು ಸುಲಭವೆಂದು ತೋರುವುದು ಸಹಜವೇ. ನೂಲು ಅದೇ, ಕುಣಿಕೆ ಅದೇ, ಕಡ್ಡಿ ಒಂದು ಕಡಮೆ, ಅಷ್ಟೇ ತಾನೆ ಎಂದು ನಾನೂ ಭಾವಿಸಿದ್ದೆ. ಆ ಭಾವನೆಗೆ ನನ್ನ ಬಲಗೈ ತೆತ್ತ ದಂಡವನ್ನು ಮುಂದೆ ಹೇಳುತ್ತೇನೆ.

ಕ್ರೋಷಾ ಎಂಬುದು ಫ್ರೆಂಚ್ ಮಾತು. ಚಿಕ್ಕ ಕೊಕ್ಕೆ ಎಂದು ಅದರ ಅರ್ಥ. ನಮ್ಮ ‘ಕೊಕ್ಕೆ’ಯೂ ಅದೂ ಕಿವಿಗೆ ಹತ್ತಿರವಾಗಿ ಕೇಳಿದರೂ ಅವೆರಡಕ್ಕೂ ನಂಟು ಕಟ್ಟಬೇಡಿ, ತರಗತಿಯಲ್ಲಿ ಹುಡುಗರು ಇಂಥ ನಂಟುಗಳನ್ನು ದಿನಕ್ಕೆರಡು ಕಟ್ಟುತ್ತಾರೆ, ನಾನು ಬಿಚ್ಚುತ್ತೇನೆ. ಐರ್ಲೆಂಡಿನಲ್ಲಿ ೧೮೪೫ರಲ್ಲಿ ಆಲೂಗಡ್ಡೆಯ ಬೆಳೆ ಕೆಟ್ಟು ಘೋರ ಕ್ಷಾಮ ತಲೆದೋರಿದಾಗ ಎಷ್ಟೋ ಸಂಸಾರಗಳು ಈ ಕೊಕ್ಕೆಯ ಜಾಲರಿಯನ್ನು ಮಾರಿ ಬದುಕಿಕೊಂಡವು. ನೆರೆಯ ಆಂಧ್ರದ ನರಸಾಪುರಕ್ಕೆ ಆ ಶತಮಾನದಲ್ಲೇ ಕ್ರೈಸ್ತ ಮಿಷನರಿಗಳ ಮೂಲಕ ಬಂದ ಈ ವಿದ್ಯೆ ಇಂದಿಗೂ ಸಾವಿರಾರು ಹೆಂಗಸರ ಕೈಯಲ್ಲಿದೆ. ಹಗಲೆಲ್ಲ ಮನೆಯಲ್ಲಿ ಕುಳಿತು ಹೆಣೆಯುವ ಆ ಹೆಂಗಸರಿಗೆ ದೊರೆಯುವ ಕೂಲಿ ಎಷ್ಟು ಅಲ್ಪವೆಂಬುದನ್ನು ಮರಿಯಾ ಮೀಸ್ ಎಂಬ ವಿದುಷಿ ೧೯೮೨ರಲ್ಲಿ ಒಂದು ಗ್ರಂಥವನ್ನೇ ಬರೆದು ತೋರಿಸಿದರು.

ಇನ್ನು ಕೆಲಸದ ಮಾತು. ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲವೂ ಕಡ್ಡಿಯ ಮೇಲೆ ಜೀವಂತವಾಗಿರುತ್ತವೆ. ಒಂದು ಜಾರಿದರೆ ಅದರ ಕೆಳಗಿನವೂ ಒಂದರ ಹಿಂದೊಂದು ಏಣಿಯಂತೆ ಬಿಚ್ಚಿಕೊಳ್ಳುತ್ತವೆ. ಕ್ರೋಷಾದಲ್ಲಿ ಜೀವಂತವಾದ ಕುಣಿಕೆ ಸಾಮಾನ್ಯವಾಗಿ ಒಂದೇ. ಅದು ಜಾರಿದರೂ ಭಯವಿಲ್ಲ. ಕೊಕ್ಕೆಯನ್ನು ಮರಳಿ ತೂರಿಸಿದರೆ ಆಯಿತು. ಆದರೆ ಹೆಣಿಗೆಯಲ್ಲಿ ಎರಡು ಕೈಗಳು ಹಂಚಿಕೊಳ್ಳುತ್ತಿದ್ದ ದುಡಿಮೆಯಲ್ಲಿ ಬಹುಪಾಲು ಇಲ್ಲಿ ಬಲಗೈಯ ಮೇಲೆ ಬೀಳುತ್ತದೆ. ತೂರಿಸುವುದು, ನೂಲನ್ನು ಹಿಡಿಯುವುದು, ಎಳೆಯುವುದು ಎಲ್ಲವೂ ಅದರದೇ. ಪ್ರತಿ ಕುಣಿಕೆಗೂ ಮಣಿಕಟ್ಟು ಒಮ್ಮೆ ಹೊರಳುತ್ತದೆ. ನಮ್ಮಲ್ಲಿ ಅನೇಕರು ನೂಲನ್ನು ಬಲಗೈಯಿಂದ ಕಡ್ಡಿಗೆ ಸುತ್ತುವ ಕ್ರಮವನ್ನು ಕಲಿತವರು. ಕ್ರೋಷಾದಲ್ಲಿ ನೂಲು ಎಡಗೈಗೆ ಬರುತ್ತದೆ. ಅಭ್ಯಾಸವಿಲ್ಲದ ಎಡಗೈ ಅದನ್ನು ಕಿರುಬೆರಳಿಗೆ ಬಿಗಿಯಾಗಿ ಸುತ್ತಿ ಹಿಡಿಯುತ್ತದೆ, ಬಲಗೈ ಆ ಬಿಗಿಯ ವಿರುದ್ಧ ಜಗ್ಗುತ್ತದೆ. ನೋವಿನ ಬೀಜ ಬಿತ್ತುವುದು ಇಲ್ಲಿಯೇ.

ಮಗಳ ಮಗುವಿನ ನಾಮಕರಣಕ್ಕೆ ಒಂದು ತೊಟ್ಟಿಲ ಹೊದಿಕೆ ಕೊಡುತ್ತೇನೆಂದು ನಾನು ಮಾತು ಕೊಟ್ಟುಬಿಟ್ಟಿದ್ದೆ. ಹಗಲು ಶಾಲೆಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು, ರಾತ್ರಿ ಕೊಕ್ಕೆ. ಒಂದೊಂದು ರಾತ್ರಿ ಮೂರು ಗಂಟೆ ಎಡೆಬಿಡದೆ ಕುಳಿತದ್ದುಂಟು. ಎರಡನೆಯ ವಾರದಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜುಮುಜುಮು ಎನ್ನತೊಡಗಿತು. ನಡುರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಕೊಂಚ ಹಿತ. ವಯಸ್ಸಿನ ದೋಷವೆಂದು ಸುಮ್ಮನಾದೆ. ಒಂದು ಬೆಳಗ್ಗೆ ಹಲಗೆಯ ಮೇಲೆ ಬರೆಯುತ್ತಿದ್ದಾಗ ಸೀಮೆಸುಣ್ಣ ಬೆರಳಿನಿಂದ ತಾನಾಗಿ ಜಾರಿ ಬಿತ್ತು. ಬರೆಯುವ ಕೈಯೇ ಜೀವನೋಪಾಯವಾದವಳಿಗೆ ಆಗ ಆದ ಹೆದರಿಕೆಯನ್ನು ವಿವರಿಸಬೇಕಾಗಿಲ್ಲ.

ವೈದ್ಯರು ಹೇಳಿದ್ದು ಇಷ್ಟು. ಮಣಿಕಟ್ಟಿನಲ್ಲಿ ಮೂಳೆಗಳ ಒಂದು ಕಮಾನು, ಅದಕ್ಕೆ ಅಡ್ಡಲಾಗಿ ಒಂದು ಬಿಗಿಯಾದ ಪಟ್ಟಿ. ಹೀಗೆ ಅದೊಂದು ಸುರಂಗ. ಬೆರಳುಗಳನ್ನು ಮಡಿಸುವ ೯ ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಈ ಇಕ್ಕಟ್ಟಿನಲ್ಲೇ ಹಾಯಬೇಕು. ಒಳಗೆ ಊತ ಬಂದರೆ ನರ ಅದುಮಿಕೊಳ್ಳುತ್ತದೆ. ಆ ನರ ಕಿರುಬೆರಳಿಗೆ ಹೋಗುವುದಿಲ್ಲವಾದ್ದರಿಂದ, ಕಿರುಬೆರಳನ್ನು ಬಿಟ್ಟು ಉಳಿದವು ಜೋಮು ಹಿಡಿದರೆ ಇದೇ ಎಂದು ಸಂದೇಹಪಡಬೇಕು. ಮಧುಮೇಹ, ಥೈರಾಯ್ಡ್ ತೊಂದರೆ ಇರುವವರಿಗೂ ಗರ್ಭಿಣಿಯರಿಗೂ ಇದು ಬೇಗ ತಗಲುತ್ತದೆ. ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ಪಕ್ಕದವರೆಗೆ ಚುಚ್ಚುವ ನೋವು ಬೇರೊಂದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕೆರ್ವೇನ್ ೧೮೯೫ರಲ್ಲಿ ಅದನ್ನು ವರ್ಣಿಸಿದರು. ಅದರ ಮೂಲವೂ ಹೆಬ್ಬೆರಳಿಗೆ ಬಿಡುವಿಲ್ಲದಿರುವುದೇ. ನನಗೆ ಕೆಲವು ವಾರ ಕೊಕ್ಕೆಗೆ ರಜೆ, ರಾತ್ರಿ ಮಣಿಕಟ್ಟು ಮಡಿಯದಂತೆ ಪಟ್ಟಿ. ಕೈ ಮರಳಿ ಬಂದಿತು. ಜೋಮನ್ನು ತಿಂಗಳುಗಟ್ಟಲೆ ಅಲಕ್ಷಿಸಿದರೆ ಹೆಬ್ಬೆರಳ ಬುಡದ ಮಾಂಸಖಂಡವೇ ಸವೆಯುವುದೆಂದು ಅವರು ಎಚ್ಚರಿಸಿದರು.

ಆದ್ದರಿಂದ ಹೊಸದಾಗಿ ಕೊಕ್ಕೆ ಹಿಡಿಯುವ ನೀವು ಸಣ್ಣ ಉಕ್ಕಿನ ಕಡ್ಡಿ, ತೆಳುವಾದ ಹತ್ತಿ ದಾರಗಳಿಂದ ಆರಂಭಿಸಬೇಡಿ. ತೋರಣ, ಮೇಜುವಸ್ತ್ರಗಳ ಆಸೆ ಆಮೇಲಿರಲಿ. ೪ ಅಥವಾ ೫ ಮಿಲಿಮೀಟರಿನ ಕೊಕ್ಕೆಯೂ ತಿಳಿಬಣ್ಣದ ಉಣ್ಣೆಯೂ ಮೊದಲ ತಿಂಗಳಿಗೆ ಸಾಕು. ಹಿಡಿ ತೆಳ್ಳಗಿದ್ದರೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿ ದಪ್ಪ ಮಾಡಿಕೊಳ್ಳಿ. ದಪ್ಪ ಹಿಡಿಯನ್ನು ಬೆರಳು ಅಷ್ಟಾಗಿ ಹಿಂಡುವುದಿಲ್ಲ. ಕೊಕ್ಕೆಯನ್ನು ಲೇಖನಿಯಂತೆ ಹಿಡಿಯಬಹುದು, ಚಾಕುವಿನಂತೆಯೂ ಹಿಡಿಯಬಹುದು. ಎರಡನ್ನೂ ಕಲಿತು ಆಗಾಗ ಬದಲಿಸುವುದು ಲೇಸು.

ಸ್ವೆಟರು ಹೆಣೆದವರ ದೊಡ್ಡ ದೋಷ ಬಿಗಿ. ಕುಣಿಕೆಯನ್ನು ಕೊಕ್ಕೆಯ ಕಿರಿದಾದ ಕೊರಳಿನಲ್ಲಿ ನಿಲ್ಲಿಸದೆ ಅದರ ದಪ್ಪ ಭಾಗದವರೆಗೆ ತನ್ನಿ. ಕುಣಿಕೆಯ ಅಳತೆ ತಾನಾಗಿ ಸರಿಯಾಗುತ್ತದೆ, ಮುಂದಿನ ಸಾಲಿನಲ್ಲಿ ತೂರಿಸಲು ಹೆಣಗಬೇಕಿಲ್ಲ. ಮೊದಲ ಸರಪಳಿಯನ್ನು ಒಂದು ಅಳತೆ ದೊಡ್ಡ ಕೊಕ್ಕೆಯಿಂದ ಹಾಕಿದರೆ ಅಂಚು ಮುದುಡುವುದಿಲ್ಲ. ಉಂಡೆಯಿಂದ ಒಂದೆರಡು ಮಾರು ನೂಲನ್ನು ಮೊದಲೇ ಬಿಡಿಸಿಟ್ಟುಕೊಳ್ಳಿ. ತೊಡೆಯ ಮೇಲೊಂದು ದಿಂಬು, ಅದರ ಮೇಲೆ ಮೊಳಕೈ. ಆಗ ಕತ್ತು ಬಗ್ಗುವುದಿಲ್ಲ, ಹೆಗಲು ಏರುವುದಿಲ್ಲ. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಕೊಕ್ಕೆ ಕೆಳಗಿಟ್ಟು ಬೆರಳು ಬಿಚ್ಚಿ ಮುಚ್ಚಿ, ಮಣಿಕಟ್ಟನ್ನು ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ಬಾಗಿಸಿ. ರೇಡಿಯೋದಲ್ಲಿ ವಾರ್ತೆ ಬಂದಾಗಲೆಲ್ಲ ಕೈಗೆ ಬಿಡುವು ಎಂಬುದು ಈಗ ನನ್ನ ನಿಯಮ. ಸಾಲು ಮುಗಿಯಲಿ ಎನ್ನುವ ಮಾತನ್ನು ಮಾತ್ರ ನಂಬಬೇಡಿ. ಆ ಸಾಲು ಎಂದೂ ಮುಗಿಯುವುದಿಲ್ಲ.

ಇಂಗ್ಲಿಷ್ ಪುಸ್ತಕ ನೋಡಿ ಕಲಿಯುವವರು ಇನ್ನೊಂದನ್ನು ಗಮನಿಸಬೇಕು. ಬ್ರಿಟಿಷರು ಡಬಲ್ ಕ್ರೋಷಾ ಎನ್ನುವುದನ್ನೇ ಅಮೆರಿಕದವರು ಸಿಂಗಲ್ ಎನ್ನುತ್ತಾರೆ. ಬ್ರಿಟಿಷರ ಟ್ರೆಬಲ್ ಅಮೆರಿಕದವರಿಗೆ ಡಬಲ್. ಪುಸ್ತಕ ಯಾವ ದೇಶದ್ದೆಂದು ನೋಡದೆ ಹೊರಟರೆ ಅಂಗೈಯಗಲ ಆಗಬೇಕಾದದ್ದು ಮೊಳದುದ್ದ ಆಗುತ್ತದೆ, ಬಿಚ್ಚಿ ಮತ್ತೆ ಹಾಕುವ ಶ್ರಮವೂ ಅದೇ ಕೈಗೆ.

ನಾಮಕರಣಕ್ಕೆ ಕೊಡಬೇಕಿದ್ದ ಹೊದಿಕೆ ಮುಗಿದದ್ದು ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ. ಅಷ್ಟರಲ್ಲಿ ಮೊಮ್ಮಗಳ ಕಾಲು ಹೊದಿಕೆಯಿಂದ ಹೊರಕ್ಕೆ ಚಾಚುವಷ್ಟು ಬೆಳೆದಿತ್ತು. ಅಂಚಿಗೆ ಇನ್ನೂ ಹನ್ನೆರಡು ಸಾಲು ಕೂಡಿಸಿದೆ, ದಿನಕ್ಕೆ ಒಂದರಂತೆ.