ಹಿಮಗಟ್ಟದ ದಂಡೆಯೂ ನಮ್ಮ ಮಲ್ಪೆಯೂ

ನಮ್ಮ ವಾಚಕರಲ್ಲಿ ಬಹುಪಾಲು ಮಂದಿ ಉಡುಪಿ, ಕುಂದಾಪುರಗಳ ಕಡೆಯವರು. ವಾಳೂಜಿನ ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿಗೆ ಇಡ್ಲಿಯನ್ನು ಹಬೆಗಿಡುವವರಿಗೂ ಕಚೇರಿಗಳಲ್ಲಿ ಲೆಕ್ಕ ಬರೆಯುವವರಿಗೂ ಧ್ರುವದ ಹಾದಿಯ ದ್ವೀಪವೊಂದರ ವೃತ್ತಾಂತದಿಂದ ಏನಾಗಬೇಕು ಎಂದು ಕೆಲವರು ಕೇಳಬಹುದು. ಆ ದ್ವೀಪಕ್ಕೂ ನಮ್ಮ ಮಲ್ಪೆಗೂ ನಂಟುಂಟು; ಅದಕ್ಕಾಗಿಯೇ ಈ ಲೇಖನ.

ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, ಕೇಪ್‌ಟೌನಿನಿಂದ ಆಗ್ನೇಯಕ್ಕೆ ಸುಮಾರು 2,000 ಕಿಲೋಮೀಟರು ದೂರದಲ್ಲಿ ಮೇರಿಯನ್ ದ್ವೀಪವಿದೆ. ವಿಸ್ತಾರ ಸುಮಾರು 290 ಚದರ ಕಿಲೋಮೀಟರು. 1947-48ರಲ್ಲಿ ದಕ್ಷಿಣ ಆಫ್ರಿಕವು ಇದನ್ನು ವಶಪಡಿಸಿಕೊಂಡಿತು. ಹವಾಮಾನ ಕೇಂದ್ರದವರನ್ನೂ ಸಂಶೋಧಕರನ್ನೂ ಬಿಟ್ಟರೆ ಅಲ್ಲಿ ಜನವಸತಿಯಿಲ್ಲ. 1,200 ಮೀಟರು ಮೀರಿದ ಶಿಖರದ ಮೇಲೆ ಹಿಮ ಬೀಳುತ್ತದೆ. ದಂಡೆ ಮಾತ್ರ ಹಿಮಗಟ್ಟುವುದಿಲ್ಲ. ಸುತ್ತಲಿನ ಕಡಲು ತಣ್ಣಗಿದ್ದರೂ ಹೆಪ್ಪುಗಟ್ಟುವಷ್ಟು ತಣಿಯದಿರುವುದೇ ಇದಕ್ಕೆ ಕಾರಣ. ಕರಿಯ ಲಾವಾ ಕಲ್ಲಿನ ಆ ದಂಡೆಗಳಿಗೆ ಪೆಂಗ್ವಿನ್ ಪಕ್ಷಿಗಳೂ ಆನೆಸೀಲುಗಳೂ ಮರಿ ಮಾಡಲು ಬರುತ್ತವೆ. ನೆರೆಯ ಪ್ರಿನ್ಸ್ ಎಡ್ವರ್ಡ್ ದ್ವೀಪವೊಂದನ್ನುಳಿದು ನೂರಾರು ಕಿಲೋಮೀಟರುಗಳವರೆಗೆ ಅವಕ್ಕೆ ಬೇರೆ ನೆಲವಿಲ್ಲ.

ಇನ್ನು ನಂಟಿನ ಮಾತು. ಈ ದ್ವೀಪವನ್ನು ಎತ್ತಿದ ಭೂಗರ್ಭದ ಬೆಂಕಿಯೇ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಅಗಲುತ್ತಿದ್ದಾಗ, ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಗಳ ಶಿಲೆಯನ್ನು ಹೊರಚೆಲ್ಲಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ನಮ್ಮವರು ತೋನ್ಸೆಪಾರ್ ಎನ್ನುವುದೂ ಇವನ್ನೇ. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವಂತೆ ಆ ಲಾವಾ ತಣಿದು ಕುಗ್ಗಿ, ಬಿರಿದು, ಐದಾರು ಮೂಲೆಯ ಕಂಬಗಳಾಯಿತು. ಬಳಿಕ ಭಾರತದ ನೆಲ ಉತ್ತರಕ್ಕೆ ಸರಿಯಿತು. ಬೆಂಕಿ ದಕ್ಷಿಣದಲ್ಲೇ ಉಳಿಯಿತು. ನಾವೀಗ ದುಡಿಯುತ್ತಿರುವ ವಾಳೂಜಿನ ಕರಿಕಲ್ಲು ಬೇರೊಂದು ಬೆಂಕಿಯದು, ಸುಮಾರು 6.6 ಕೋಟಿ ವರ್ಷದ್ದು. ಅದೇ ಕಲ್ಲನ್ನು ಕಡಿದು ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಕೃಷ್ಣನ ಕಾಲಕ್ಕೆ ಎಲ್ಲೋರದ ಕೈಲಾಸವಾಯಿತು.

ಮೇರಿಯನ್ನಿನಿಂದ ಕಲಿಯಬೇಕಾದ ಪಾಠವೂ ಉಂಟು. ಹಡಗುಗಳಲ್ಲಿ ಬಂದಿಳಿದ ಇಲಿಗಳನ್ನು ಹಿಡಿಯಲೆಂದು 1949ರಲ್ಲಿ ಐದು ಬೆಕ್ಕುಗಳನ್ನು ಅಲ್ಲಿಗೆ ಒಯ್ದರು. ಅವು ಸಾವಿರಾರಾಗಿ, ವರ್ಷಕ್ಕೆ ಲಕ್ಷಗಟ್ಟಲೆ ಕಡಲಹಕ್ಕಿಗಳನ್ನು ತಿಂದವು. 1991ರ ಹೊತ್ತಿಗೆ ಬೆಕ್ಕುಗಳನ್ನೇನೋ ನಿರ್ಮೂಲ ಮಾಡಿದರು. ಇಲಿಗಳು ಉಳಿದು ಆಲ್ಬಟ್ರಾಸ್ ಹಕ್ಕಿಯ ಮರಿಗಳನ್ನೇ ಕಡಿಯತೊಡಗಿದವು. ಒಂದು ದಿನದ ಅವಿಚಾರಕ್ಕೆ ನಾಲ್ಕು ದಶಕಗಳ ದಂಡ!

ನಮ್ಮ ದ್ವೀಪಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ರಾಷ್ಟ್ರೀಯ ಸ್ಮಾರಕವೆಂದು ಸಾರಿದೆ. ಆದರೆ ಕಾಯುವ ಕೆಲಸ ಇಲಾಖೆಯೊಂದರಿಂದಲೇ ಆಗದು. ರಜೆಯಲ್ಲಿ ಊರಿಗೆ ಹೋಗುವ ನಮ್ಮ ಸಹೋದರರು ಮಕ್ಕಳನ್ನು ಅಲ್ಲಿಗೆ ಅವಶ್ಯ ಕರೆದೊಯ್ಯಲಿ. ಮಳೆಗಾಲದಲ್ಲಿ ದೋಣಿ ನಿಲ್ಲುವುದರಿಂದ ಆ ತಿಂಗಳುಗಳು ಬೇಡ. ಕಂಬಗಳ ಮೇಲೆ ಹೆಸರು ಕೊರೆಯದೆ, ನೆನಪಿಗೆಂದು ಚೂರು ಮುರಿಯದೆ, ಬಾಟಲಿ ಬಿಸಾಡದೆ ಮರಳಿ ಬರಲೆಂದು ಕೋರುತ್ತೇವೆ. ಮುರಿದ ಕಂಬವನ್ನು ಮತ್ತೆ ಬೆಳೆಸಿಕೊಡಲು ಆ ಬೆಂಕಿ ಈಗ ನಮ್ಮ ನೆಲದಡಿ ಇಲ್ಲ.