ಕಿಟ್ಟೆಲರ ಕಥಾಮಾಲೆಯೂ ದೇಶೀಯ ಛಂದಸ್ಸೂ

ಕನ್ನಡ ನಿಘಂಟುಕಾರರೆಂದು ಪ್ರಖ್ಯಾತರಾದ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರು ಕ್ರೈಸ್ತ ಗೀತಕಾರರೂ ಆಗಿದ್ದರೆಂಬ ಅಂಶವು ವಿದ್ವಾಂಸರ ಲಕ್ಷ್ಯಕ್ಕೆ ಬರತಕ್ಕುದಾಗಿದೆ. 1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಇವರು ಬಾಸೆಲ್ ಮಿಷನ್ನಿನ ಪರವಾಗಿ 1853ರಲ್ಲಿ ಹಿಂದೂದೇಶಕ್ಕೆ ಬಂದರು. ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ನಿರೂಪಿಸುವ ಇವರ ‘ಕಥಾಮಾಲೆ’ಯು 1862ರಲ್ಲಿ ಪ್ರಕಟವಾಯಿತು.

ದೇಶೀಯ ಛಂದಸ್ಸೇ ಏಕೆ ಬೇಕಾಯಿತೆಂಬುದು ವಿಚಾರಾರ್ಹವಾಗಿದೆ. ಜರ್ಮನ್ ಮತ್ತು ಇಂಗ್ಲಿಷ್ ಸ್ತೋತ್ರಗೀತಗಳ ನಡೆಯು ಅಕ್ಷರದ ಮೇಲಣ ಒತ್ತನ್ನು ಅವಲಂಬಿಸಿದೆ. ಕನ್ನಡ ದೇಶೀಯ ಪದ್ಯದ ನಡೆಯಾದರೋ ಲಘುಗುರುಗಳ ಮಾತ್ರೆಯನ್ನು. ಪರದೇಶದ ಧಾಟಿಗೆ ಕನ್ನಡ ಪದಗಳನ್ನು ಕೂಡಿಸುವಾಗ ಲಘ್ವಕ್ಷರವು ದೀರ್ಘಸ್ವರದಲ್ಲಿ ಬೀಳುವುದುಂಟು. ಆಗ ‘ನಡು’ ಎಂಬುದು ‘ನಾಡು’ ಎಂದೂ, ‘ಕಡು’ ಎಂಬುದು ‘ಕಾಡು’ ಎಂದೂ ಕೇಳಿಸಿ ಅರ್ಥವೇ ಕೆಡುವುದು. ಮಾತ್ರಾಗಣಬದ್ಧವಾದ ಪದ್ಯದಲ್ಲಿ ಶಬ್ದವೂ ತಾಳವೂ ಒಂದೇ ಅಳತೆಯಲ್ಲಿ ನಡೆಯುವುದರಿಂದ ಈ ದೋಷಕ್ಕೆ ಎಡೆ ಕಡಮೆ.

ಪರಿಚಿತವಾದ ಧಾಟಿಯಲ್ಲಿ ಹಾಡಿದ ಕಥೆಯು ಜನರಲ್ಲಿ ಹೇಗೆ ಬೇರೂರುವುದೆಂಬುದಕ್ಕೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯೇ ಸಾಕ್ಷಿ. ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣನ ‘ಶ್ರೀಕೃಷ್ಣಪಾರಿಜಾತ’ವನ್ನು ಆ ಸೀಮೆಯಲ್ಲಿ ಅಕ್ಷರವರಿಯದವರೂ ಕೇಳಿಯೇ ಬಲ್ಲರು. ಕಥಾವಸ್ತು ಯಾವ ಮತದ್ದಾದರೂ ಈ ನ್ಯಾಯವು ಒಂದೇ.

ಕಿಟ್ಟೆಲರು ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಶೋಧಿಸಿ ಅಚ್ಚುಹಾಕಿಸಿದುದು 1875ರಲ್ಲಿ, ನಿಘಂಟು ಹೊರಟುದು 1894ರಲ್ಲಿ. ಪದ್ಯರಚನೆಯು ಶಾಸ್ತ್ರಸಂಪಾದನೆಗಿಂತ 13 ವರ್ಷಗಳಷ್ಟು ಮುಂಚಿನದು. ಆದುದರಿಂದ ಕಥಾಮಾಲೆಯನ್ನು ಕೇವಲ ಮತಬೋಧೆಯ ಗ್ರಂಥವೆಂದು ಬದಿಗಿಡದೆ, ಅವರ ಛಂದೋವ್ಯಾಸಂಗದ ಮೊದಲ ಫಲವೆಂದು ಓದುವುದು ಯುಕ್ತವಾಗಿದೆ.